ಕೆಲಸ ಹುಡುಕುವಾಗ ನೆಟ್‌ವರ್ಕಿಂಗ್: ಕೇಳಲು ಮುಜುಗರ ಆಗುವವರಿಗೆ

ಕೆಲಸ ಹೋಗಿ ಮೂರು ತಿಂಗಳಾಯಿತು, ಎಲ್ಲರೂ ‘ನೆಟ್‌ವರ್ಕಿಂಗ್ ಮಾಡು’ ಅನ್ನುತ್ತಾರೆ, ಆದರೆ ಗುರುತಿಲ್ಲದವರಿಗೆ ಮೆಸೇಜ್ ಹಾಕಲು ಕೂತರೆ ಬೇಡುತ್ತಿರುವ ಹಾಗೆ ಅನ್ನಿಸುತ್ತದೆ ಅಂತ ಬರೆದಿದ್ದೀರಿ. ನನಗೂ ಹಾಗೇ ಅನ್ನಿಸುತ್ತಿತ್ತು. ಯಾಕೆಂದರೆ ನಾನು ನಿಜವಾಗಿಯೂ ಬೇಡುತ್ತಲೇ ಇದ್ದೆ.

ಕೆಲವು ವರ್ಷದ ಹಿಂದೆ ನಮ್ಮ ಕಂಪನಿ ನಾನಿದ್ದ ತಂಡವನ್ನೇ ಮುಚ್ಚಿತು. ಮೊದಲ ವಾರವೇ ಲಿಂಕ್ಡ್‌ಇನ್‌ನಲ್ಲಿ ಕೂತು ಸುಮಾರು 60 ಜನಕ್ಕೆ ಒಂದೇ ಮೆಸೇಜ್ ಕಾಪಿ ಮಾಡಿ ಕಳಿಸಿದೆ. ‘ನಮಸ್ಕಾರ, ಕೆಲಸ ಹುಡುಕುತ್ತಿದ್ದೇನೆ, ರೆಸ್ಯೂಮೆ ಜೊತೆಗಿದೆ, ಏನಾದರೂ ಓಪನಿಂಗ್ ಇದ್ದರೆ ತಿಳಿಸಿ.’ ನಾಲ್ಕು ಉತ್ತರ ಬಂದವು. ನಾಲ್ಕರಲ್ಲೂ ‘ಖಂಡಿತ, ನೋಡೋಣ’ ಅಷ್ಟೇ. ಆಗ ಜನರ ಮೇಲೆ ಸಿಟ್ಟು ಬಂದಿತ್ತು. ಈಗ ಅದೇ ಮೆಸೇಜ್ ನನಗೆ ಬಂದರೆ ನಾನೂ ಉತ್ತರ ಕೊಡುವುದಿಲ್ಲವೇನೋ. ಅದನ್ನು ಓದಿದವರು ಏನೇನು ಮಾಡಬೇಕು ನೋಡಿ. ರೆಸ್ಯೂಮೆ ತೆರೆಯಬೇಕು, ನನಗೆ ಏನು ಬರುತ್ತದೆ ಅಂತ ತಾವೇ ಊಹಿಸಬೇಕು, ತಮ್ಮಲ್ಲಿ ಎಲ್ಲಿ ಜಾಗ ಖಾಲಿ ಇದೆ ಅಂತ ವಿಚಾರಿಸಬೇಕು, ಆಮೇಲೆ ಮೇಲಿನವರ ಹತ್ತಿರ ನನ್ನ ಪರವಾಗಿ ಮಾತಾಡಬೇಕು. ಸರಿಯಾಗಿ ಗುರುತೇ ಇಲ್ಲದವರಿಗೋಸ್ಕರ ಇಷ್ಟೆಲ್ಲ ಯಾರು ಮಾಡುತ್ತಾರೆ?

ಆಮೇಲೆ ನಾನು ಬದಲಾಯಿಸಿದ್ದು ಇಷ್ಟೇ. ಕೆಲಸ ಕೇಳುವುದನ್ನು ಬಿಟ್ಟು ವಿಷಯ ಕೇಳಲು ಶುರು ಮಾಡಿದೆ. ಕೆಲಸ ಕೊಡುವುದು ಎಲ್ಲರ ಕೈಯಲ್ಲಿ ಇರುವುದಿಲ್ಲ. ಆದರೆ ತಾನು ಮಾಡುವ ಕೆಲಸದ ಬಗ್ಗೆ ಹತ್ತು ನಿಮಿಷ ಹೇಳಲು ಹೆಚ್ಚಿನವರಿಗೆ ಇಷ್ಟವೇ.

ಇನ್ನು, ಪೂರ್ತಿ ಅಪರಿಚಿತರಿಂದ ಶುರು ಮಾಡಲೇಬೇಡಿ. ಹಾಗಂತ ಹತ್ತಿರದ ಸ್ನೇಹಿತರಿಗೆ ಮಾತ್ರ ಹೇಳಿ ಕೂತರೂ ಆಗುವುದಿಲ್ಲ. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರನ್ನು ನೀವು ಆಗ ಎಷ್ಟು ಸಲ ನೋಡುತ್ತಿದ್ದಿರಿ ಅಂತ ಅವರು ಕೇಳಿದ್ದರು. ಆಗಾಗ ನೋಡುತ್ತಿದ್ದೆ ಅಂದವರು ಶೇ. 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 55.6. ಉಳಿದವರು ಹೆಚ್ಚುಕಡಿಮೆ ನೋಡುತ್ತಲೇ ಇರಲಿಲ್ಲ. ಕಾರಣ ಸರಳ. ಆಪ್ತರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಸ್ವಲ್ಪ ದೂರದವರು ಬೇರೆ ಜಾಗದಲ್ಲಿ ಓಡಾಡುತ್ತಿರುತ್ತಾರೆ, ಅವರ ಕಿವಿಗೆ ಬೀಳುವುದು ಬೇರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಇದನ್ನೇ ಪರೀಕ್ಷೆ ಮಾಡಿತು. ಅಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ತೀರಾ ದೂರದವರಲ್ಲ, ಒಂದಷ್ಟು ಜನ ಇಬ್ಬರಿಗೂ ಗೊತ್ತಿರುವಂಥ ಅರೆಪರಿಚಯದವರು. ನಿಮ್ಮ ಮುಜುಗರಕ್ಕೆ ಇದು ಒಳ್ಳೆ ಸುದ್ದಿ ಅಲ್ವಾ?

ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಹೆಸರು ಬರೆಯಿರಿ. ಹಳೆ ಕಂಪನಿಯಲ್ಲಿ ಪಕ್ಕದ ತಂಡದಲ್ಲಿದ್ದವರು, ಕಾಲೇಜಿನ ಸೀನಿಯರ್‌ಗಳು, ಯಾವುದೋ ಪ್ರಾಜೆಕ್ಟ್‌ನಲ್ಲಿ ಬರೀ ಫೋನ್‌ನಲ್ಲಿ ಮಾತಾಡಿದವರು, ನಿಮಗಿಂತ ಮೊದಲೇ ಕೆಲಸ ಬಿಟ್ಟು ಹೋದವರು. ನನ್ನ ಪಟ್ಟಿಯಲ್ಲಿ ಒಂಬತ್ತೇ ಹೆಸರು ಅಂದುಕೊಂಡಿದ್ದೆ, ಎರಡು ದಿನದಲ್ಲಿ 34 ಆಯಿತು.

ನಾನು ಕಳಿಸಿದ ಒಂದು ಮೆಸೇಜ್ ಹೆಚ್ಚುಕಡಿಮೆ ಹೀಗಿತ್ತು: ‘ಮೇಡಂ, ನಮಸ್ಕಾರ. ಬಿಲ್ಲಿಂಗ್ ಪ್ರಾಜೆಕ್ಟ್ ಸಮಯದಲ್ಲಿ ನಾನು ಟೆಸ್ಟಿಂಗ್ ಕಡೆ ಇದ್ದೆ, ನೆನಪಿರಬಹುದು. ಇಷ್ಟು ದಿನ ಮಾತಾಡಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಈಗ ಕೆಲಸ ಹುಡುಕುತ್ತಿದ್ದೇನೆ. ನೀವು ಟೆಸ್ಟಿಂಗ್ ಬಿಟ್ಟು ಡೇಟಾ ಕಡೆ ಹೋಗಿದ್ದು ನೋಡಿದೆ, ನನಗೂ ಅದೇ ಯೋಚನೆ ಇದೆ. ಮೊದಲ ಆರು ತಿಂಗಳು ಏನು ಕಲಿತಿರಿ ಅಂತ ಕೇಳಬೇಕಿತ್ತು. 15 ನಿಮಿಷ ಫೋನ್‌ನಲ್ಲಿ ಸಿಗುತ್ತೀರಾ? ಆಗದಿದ್ದರೆ ಎರಡು ಸಾಲು ಬರೆದರೂ ಸಾಕು.’

ಕೆಲಸ ಹುಡುಕುತ್ತಿರುವುದನ್ನು ಮುಚ್ಚಿಡಲಿಲ್ಲ, ಗಮನಿಸಿ. ಸುಮ್ನೆ ಕ್ಷೇಮ ವಿಚಾರಿಸಿ, ನಾಲ್ಕನೇ ಮೆಸೇಜ್‌ನಲ್ಲಿ ಮೆಲ್ಲಗೆ ರೆಸ್ಯೂಮೆ ತೆಗೆಯುವವರು ಇದ್ದಾರಲ್ಲ, ಅದು ಎಲ್ಲರಿಗೂ ಗೊತ್ತಾಗುತ್ತದೆ.

ಫೋನ್ ಮಾಡುವ ಮೊದಲು ನಿಮ್ಮ ಪರಿಚಯವನ್ನು ನಾಲ್ಕು ವಾಕ್ಯದಲ್ಲಿ ಬರೆದು, ಜೋರಾಗಿ ಓದಿ ನೋಡಿ. ನಾನು ಮೊದಲ ಸಲ ನನ್ನ ಕಥೆಯನ್ನೇ ಎಂಟು ನಿಮಿಷ ಹೇಳಿದ್ದೆ, ಆ ಪುಣ್ಯಾತ್ಮರು ಸಹಿಸಿಕೊಂಡರು. ಮೂರು ಪ್ರಶ್ನೆ ಇಟ್ಟುಕೊಳ್ಳಿ. 15 ನಿಮಿಷ ಅಂದಿದ್ದರೆ 15ಕ್ಕೆ ನೀವೇ ನೆನಪಿಸಿ. ಇಡುವ ಮುಂಚೆ, ‘ಇದರ ಬಗ್ಗೆ ಇನ್ಯಾರನ್ನು ಮಾತಾಡಿಸಿದರೆ ಒಳ್ಳೆಯದು?’ ಅಂತ ಕೇಳಿ. ನನ್ನ ಪಟ್ಟಿ ಆಮೇಲೂ ಬೆಳೆದದ್ದು ಈ ಒಂದು ಪ್ರಶ್ನೆಯಿಂದ. ಹೀಗೆ ಸಿಕ್ಕ ಹೊಸಬರಿಗೆ ‘ಇಂಥವರು ನಿಮ್ಮ ಹೆಸರು ಹೇಳಿದರು’ ಅಂತ ಬರೆಯಬಹುದು, ಆಗ ಅವರೂ ಪೂರ್ತಿ ಅಪರಿಚಿತರಲ್ಲ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಅದೇ ದಿನ ಥ್ಯಾಂಕ್ಸ್ ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಆ ಮೇಡಂ ನನಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ) ಗಟ್ಟಿ ಮಾಡಿಕೊಳ್ಳಲು ಹೇಳಿದ್ದರು. ಮೂರು ವಾರ ಬಿಟ್ಟು, ಕಲಿತು ಮಾಡಿದ ಒಂದು ಸಣ್ಣ ಕೆಲಸವನ್ನು ಅವರಿಗೆ ಕಳಿಸಿದೆ. ಏನೂ ಕೇಳಲಿಲ್ಲ, ‘ನೀವು ಹೇಳಿದ್ದು ಮಾಡಿದೆ, ಎರಡು ಕಡೆ ಒದ್ದಾಡಿದೆ’ ಅಂತ ಮಾತ್ರ ಬರೆದೆ. ಮರುದಿನ ಅವರೇ ಫೋನ್ ಮಾಡಿ, ಪಕ್ಕದ ತಂಡಕ್ಕೆ ಒಬ್ಬರು ಬೇಕಂತೆ ಅಂದರು. ಇಂಟರ್‌ವ್ಯೂ ಮೂರು ಸುತ್ತು ಇತ್ತು, ಅದೇನೂ ತಪ್ಪಲಿಲ್ಲ. ಆದರೆ ಒಳಗೆ ಹೋಗಲು ಬಾಗಿಲು ತೆರೆದದ್ದು ಆ ಮೆಸೇಜ್.

ರೆಫರಲ್, ಅಂದರೆ ಕಂಪನಿಯ ಒಳಗಿನವರ ಶಿಫಾರಸು, ಕೇಳುವ ಸಂದರ್ಭ ಬಂದರೆ ಜಾಬ್ ಐಡಿ (ಆ ಹುದ್ದೆಗೆ ಕಂಪನಿ ಕೊಟ್ಟಿರುವ ಸಂಖ್ಯೆ), ರೆಸ್ಯೂಮೆ, ಆ ಕೆಲಸಕ್ಕೆ ನೀವು ಹೇಗೆ ಹೊಂದುತ್ತೀರಿ ಅಂತ ಮೂರು ಸಾಲು, ಇಷ್ಟನ್ನು ಒಟ್ಟಿಗೆ ಕಳಿಸಿ. ಅವರು ಹಾಗೇ ಫಾರ್ವರ್ಡ್ ಮಾಡುವಂತಿರಲಿ. ದೊಡ್ಡ ಸಮ್ಮೇಳನಗಳಿಗೆ ಹೋಗಿ ಕಾರ್ಡ್ ಹಂಚುವುದು ನನಗಂತೂ ಒಗ್ಗಲಿಲ್ಲ, ಅದರ ಬಗ್ಗೆ ಹೇಳುವುದಿಲ್ಲ. ಮತ್ತೆ, ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ನಾನು ದಿನಕ್ಕೆ ಇಬ್ಬರಿಗೆ ಮಾತ್ರ ಬರೆಯುತ್ತಿದ್ದೆ, ಉಳಿದ ಸಮಯ ಅರ್ಜಿಗೆ, ಓದಿಗೆ.

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಂದೇ ಒಂದು ಸಲ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಒಬ್ಬರು ನನಗೆ ನಾಲ್ಕು ತಿಂಗಳಾದ ಮೇಲೆ ‘ಸಾರಿ, ಈಗ ನೋಡಿದೆ’ ಅಂತ ಬರೆದರು. ಅಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಆದರೂ ಥ್ಯಾಂಕ್ಸ್ ಹೇಳಿ, ಎಲ್ಲಿ ಸೇರಿದೆ ಅಂತ ತಿಳಿಸಿದೆ. ಹೋದ ತಿಂಗಳು ಅವರದೇ ಮೆಸೇಜ್ ಬಂದಿತ್ತು. 15 ನಿಮಿಷ ಸಿಗುತ್ತೀರಾ ಅಂತ.