ದಿನ ಗೊತ್ತು ಮಾಡಿದ್ದು ದೋಣಿ ಲೆಕ್ಕ

ಮೇಷ್ಟ್ರನ್ನ ಕೇಳಿ: ಓದುಗರ ಪ್ರಶ್ನೆ, ಹಾಸನದಿಂದ ಉತ್ತರ

ಹೋದ ಸಂಚಿಕೇಲಿ 1944ರ ಜೂನ್ 6ನೇ ತಾರೀಕು ಮಿತ್ರರಾಷ್ಟ್ರಗಳ ಸೈನ್ಯ ಫ್ರಾನ್ಸಿನ ನಾರ್ಮಂಡಿ ದಂಡೆಗೆ ಇಳಿದಿದ್ದರ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ ಅಷ್ಟೇ. ಅದಕ್ಕೆ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು ನೋಡಿದ್ರೆ ಸಮುದ್ರ ಕಾಣ್ಬೇಕು ಅಂದ್ರೆ ಘಾಟಿ ಇಳೀಬೇಕಾದ ನಮ್ ಜನಕ್ಕೆ ಸಮುದ್ರದ ಯುದ್ಧ ಇಷ್ಟೊಂದ್ ಇಷ್ಟನಾ ಅನ್ಸ್ತು. ಖುಷಿ ಏನಂದ್ರೆ ಯಾರೂ ಗುಂಡು ಹಾರಿದ್ದರ ಬಗ್ಗೆ ಕೇಳಿಲ್ಲ, ಅದಕ್ಕೆ ಮುಂಚೆ ಎರಡು ವರ್ಷ ಒಳಗೊಳಗೇ ನಡೆದ ಜಗಳದ ಬಗ್ಗೆ ಕೇಳಿದೀರಿ. ಈ ಸಲ ಪೂರ್ತಿ ಅದೇ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಹಂಗಾಗಿ ಬರೀ ಊರು.

ಪ್ರಶ್ನೆ: ಮೇಷ್ಟ್ರೇ, ಅಮೆರಿಕ 1941ರ ಕೊನೇಲೇ ಯುದ್ಧಕ್ಕೆ ಬಂತಲ್ಲ, ಮತ್ತೆ ಫ್ರಾನ್ಸಿಗೆ ಇಳಿಯೋಕೆ 1944ರವರೆಗೂ ಯಾಕ್ ಕಾದ್ರು? ಬ್ರಿಟಿಷರಿಗೆ ಭಯನಾ?
(ಕಾಫಿ ಬೆಳೆಗಾರರು, ಸಕಲೇಶಪುರ)

ಭಯ ಇತ್ತು ಸಾರ್, ಆದ್ರೆ ಸುಮ್ಸುಮ್ನೆ ಹೆದರ್ಕೊಂಡಿದ್ದಲ್ಲ. ಅಮೆರಿಕದ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ 1942ರ ಏಪ್ರಿಲಲ್ಲೇ ಲಂಡನ್ನಿಗೆ ಬಂದು ನೇರವಾಗಿ ಫ್ರಾನ್ಸಿಗೆ ನುಗ್ಗೋಣ, ಜರ್ಮನಿಗೆ ಹೋಗೋ ದಾರಿ ಅದೊಂದೇ ಅಂದ. ರಷ್ಯಾ ಕುಸಿಯೋ ಹಂಗೆ ಕಂಡ್ರೆ ಅದೇ ವರ್ಷ ಸ್ಲೆಡ್ಜ್‌ಹ್ಯಾಮರ್ ಅಂತ ಒಂದು ಸಣ್ಣ ದಾಳಿ, ಇಲ್ದಿದ್ರೆ 1943ಕ್ಕೆ ರೌಂಡಪ್ ಅಂತ ದೊಡ್ಡದು. ಕೇಳೋಕೆ ಸರಿಯಾಗೇ ಇತ್ತು, ಆದ್ರೆ 1942ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಅಮೆರಿಕನ್ ಸೈನಿಕರು ಎಷ್ಟು ಜನ? ತೀರಾ ಕಮ್ಮಿ. ಅಂದ್ರೆ ಐಡಿಯಾ ಅಮೆರಿಕದ್ದು, ಸಾಯೋರು ಬ್ರಿಟಿಷರು. ಬ್ರಿಟನ್ನಿನ ಸೇನಾ ಮುಖ್ಯಸ್ಥ ಅಲನ್ ಬ್ರೂಕ್ ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೊಮ್ಮ್ ಕದನದ ಸಾವುನೋವು ಕಣ್ಣಾರೆ ನೋಡಿ ಬಂದಿದ್ದೋನು, ಅವನು ಒಪ್ಪಲಿಲ್ಲ, ಪ್ರಧಾನಿ ಚರ್ಚಿಲ್ಲೂ ಒಪ್ಪಲಿಲ್ಲ. ಮೊದ್ಲು ಮೆಡಿಟರೇನಿಯನ್ ಕಡೆಯಿಂದ ಜರ್ಮನ್ನರನ್ನ ಸುಸ್ತು ಮಾಡೋಣ, ಆಮೇಲೆ ಫ್ರಾನ್ಸು ಅನ್ನೋದು ಇವರ ವಾದ.

ಜಗಳ ಎಲ್ಲಿವರೆಗೂ ಹೋಯ್ತು ಅಂದ್ರೆ 1942ರ ಜುಲೈನಲ್ಲಿ ಮಾರ್ಷಲ್ಲು, ನೌಕಾಪಡೆಯ ಅಡ್ಮಿರಲ್ ಕಿಂಗು ಇಬ್ರೂ ಸೇರಿ ಬ್ರಿಟಿಷರು ಹಿಂಗೇ ಆಡೋದಾದ್ರೆ ನಾವು ಜಪಾನ್ ಕಡೆ ತಿರುಗ್ತೀವಿ ಅಂತ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಬರ್ದೇಬಿಟ್ರು. ರೂಸ್‌ವೆಲ್ಟ್ ಬಗ್ಗಲಿಲ್ಲ. ಆ ವರ್ಷ ನಮ್ ಸೈನಿಕರು ಎಲ್ಲಾದ್ರೂ ಒಂದ್ಕಡೆ ಜರ್ಮನಿ ವಿರುದ್ಧ ಹೋರಾಡ್ಲೇಬೇಕು ಅಂತ ಪಟ್ಟು ಹಿಡಿದು ನವೆಂಬರ್ 8ಕ್ಕೆ ಉತ್ತರ ಆಫ್ರಿಕಾಕ್ಕೆ ಇಳಿಸ್ದ. ಅಲ್ಲಿಗೆ ಹೋದ್ಮೇಲೆ ಒಂದಕ್ಕೊಂದು ಅಂಟ್ಕೊಂಡು ಬಂತು ನೋಡಿ, 1943ರ ಜನವರೀಲಿ ಕಾಸಾಬ್ಲಾಂಕಾದಲ್ಲಿ ಮೀಟಿಂಗು, ಅಲ್ಲಿಗೆ ಬ್ರಿಟಿಷರು ಬುಲೋಲೋ ಅನ್ನೋ ಒಂದು ಹಡಗಿನ ತುಂಬಾ ಪ್ಲಾನಿಂಗ್ ಆಫೀಸರುಗಳು, ಫೈಲುಗಳನ್ನ ತುಂಬ್ಕೊಂಡು ಬಂದಿದ್ರು, ಯಾವ ಪ್ರಶ್ನೆ ಕೇಳಿದ್ರೂ ಅಂಕಿಅಂಶ ರೆಡಿ, ಅಮೆರಿಕನ್ನರ ಹತ್ರ ಬೆರಳೆಣಿಕೆ ಜನ, ಹಂಗಾಗಿ ವಾದದಲ್ಲಿ ಬ್ರಿಟಿಷರು ಗೆದ್ದು ಮುಂದಿನ ದಾಳಿ ಇಟಲಿಯ ಸಿಸಿಲಿ ದ್ವೀಪಕ್ಕೆ ಅಂತ ತೀರ್ಮಾನ ಆಯ್ತು. ಪೂರ್ತಿ ತಯಾರಿ ಮಾಡ್ಕೊಂಡು ಮೀಟಿಂಗಿಗೆ ಬಂದೋನು ಅರ್ಧ ಗೆದ್ದ ಹಂಗೇ, ನಮ್ ತಾಲ್ಲೂಕು ಪಂಚಾಯ್ತೀಲೂ ಇದನ್ನ ನೋಡಿದೀನಿ ಬಿಡಿ.

ಅಮೆರಿಕನ್ನರು ಪಾಠ ಕಲಿತ್ರು. 1943ರ ಮೇನಲ್ಲಿ ವಾಷಿಂಗ್ಟನ್ ಮೀಟಿಂಗಿಗೆ ಅವರೂ ಸ್ಟಾಫ್ ಕಟ್ಕೊಂಡು ಬಂದು 1944ರ ಮೇ 1 ಅನ್ನೋ ದಿನಾಂಕ ಬರೆಸ್ಕೊಂಡ್ರು. ಅಷ್ಟಾದ್ರೂ ಚರ್ಚಿಲ್ ಇಟಲಿ, ಈಜಿಯನ್ ದ್ವೀಪ ಅಂತ ಎಳೀತಾನೇ ಇದ್ದ. ನವೆಂಬರ್ ಕೊನೇಲಿ ಟೆಹರಾನ್‌ನಲ್ಲಿ ರೂಸ್‌ವೆಲ್ಟ್, ಚರ್ಚಿಲ್, ರಷ್ಯಾದ ಸ್ಟಾಲಿನ್ ಮೂರೂ ಜನ ಕೂತಾಗ ಸ್ಟಾಲಿನ್ ಕೇಳಿದ್ದು ಒಂದೇ ಮಾತು, ಈ ದಾಳಿಗೆ ಕಮಾಂಡರ್ ಯಾರು? ಇನ್ನೂ ಗೊತ್ತಾಗಿಲ್ಲ ಅಂದ್ರೆ ಅವನು ಹಂಗಾದ್ರೆ ಇದು ಆಗೋ ಕೆಲಸ ಅಲ್ಲ ಅಂದ್ಬಿಟ್ಟ. ಮುಂದಿನ ತಿಂಗಳೇ ಅಮೆರಿಕದ ಜನರಲ್ ಐಸೆನ್‌ಹೋವರ್ ನೇಮಕ ಆಯ್ತು.

ನನ್ ಅಭಿಪ್ರಾಯ ಕೇಳಿದ್ರೆ 1942ರಲ್ಲಿ ಬ್ರೂಕ್ ಸರಿ, 1943ರ ಕೊನೇಲಿ ಮಾರ್ಷಲ್ ಸರಿ. 1942ರಲ್ಲಿ ಹೋಗಿದ್ರೆ ಜರ್ಮನ್ನರು ಸಮುದ್ರಕ್ಕೆ ದಬ್ಬಿರೋರು, ಹಂಗಂತ ಮಾರ್ಷಲ್ ಬೆನ್ನು ಬೀಳ್ದೇ ಇದ್ದಿದ್ರೆ ಚರ್ಚಿಲ್ 1945ರಲ್ಲೂ ಇಟಲಿ ಗುಡ್ಡದಲ್ಲೇ ಸುತ್ತಾಡ್ತಿದ್ನೇನೋ.

ಪ್ರಶ್ನೆ: ಸಾರ್, ಮ್ಯಾಪಲ್ಲಿ ನೋಡಿದ್ರೆ ಇಂಗ್ಲೆಂಡಿಗೆ ಫ್ರಾನ್ಸಿನ ಕಾಲೆ ತುಂಬಾ ಹತ್ರ. ಅದನ್ನ ಬಿಟ್ಟು ಅಷ್ಟು ದೂರದ ನಾರ್ಮಂಡಿಗೆ ಯಾಕ್ ಹೋದ್ರು?
(ಪಿಯುಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು)

ಸರಿಯಾದ್ ಪ್ರಶ್ನೆ ಕೇಳಿದೀಯ ಕಣಮ್ಮ. ಇಂಗ್ಲೆಂಡಿನ ಡೋವರಿಂದ ಕಾಲೆ ಕಡೆಗೆ ಸಮುದ್ರ ಬರೀ 33 ಕಿಲೋಮೀಟರ್ ಚಿಲ್ಲರೆ. ನಿನಗೆ ಕಂಡಿದ್ದು ಜರ್ಮನ್ನರಿಗೂ ಕಾಣುತ್ತಲ್ವಾ? ಅವರ 15ನೇ ಸೈನ್ಯ ಅಲ್ಲೇ ಕೂತಿತ್ತು, ಕಾಂಕ್ರೀಟು, ಫಿರಂಗಿ ಎಲ್ಲಾ ಅಲ್ಲೇ ಜಾಸ್ತಿ. 1943ರ ಮಾರ್ಚಲ್ಲಿ ಪ್ಲಾನ್ ಮಾಡು ಅಂತ ಬ್ರಿಟನ್ನಿನ ಜನರಲ್ ಫ್ರೆಡರಿಕ್ ಮಾರ್ಗನ್‌ಗೆ ಹೇಳಿದ್ರು, ಸೇನಾಧಿಪತಿ ಯಾರು ಅಂತಾನೇ ಗೊತ್ತಿಲ್ದೆ ಅವನ ಪರವಾಗಿ ಪ್ಲಾನ್ ಮಾಡೋ ಕೆಲಸ ಅದು, ಪಾಪ. ಅವನ ಆಫೀಸಲ್ಲೂ ಕಾಲೆ ಪಾರ್ಟಿ, ನಾರ್ಮಂಡಿ ಪಾರ್ಟಿ ಅಂತ ಎರಡಾಗಿತ್ತು. ಇಂಗ್ಲೆಂಡಿಂದ ಹಾರೋ ಫೈಟರ್ ವಿಮಾನಕ್ಕೆ ಎಟುಕಬೇಕು, ಬೀಚು ಅಗಲ ಇರ್ಬೇಕು, ಪಶ್ಚಿಮದ ಗಾಳಿಗೆ ಸ್ವಲ್ಪ ಮರೆ ಬೇಕು, ಹತ್ರದಲ್ಲೇ ಒಂದು ದೊಡ್ಡ ಬಂದರು ಬೇಕು. ಇಷ್ಟೂ ಲೆಕ್ಕ ಹಾಕಿದಾಗ ಉಳಿದಿದ್ದು ನಾರ್ಮಂಡಿಯ ಕಾನ್ ಊರಿನ ಪಕ್ಕದ ದಂಡೆ, ಆಮೇಲೆ ಹಿಡಿಯೋಕೆ ಶೆರ್ಬೂರ್ ಬಂದರು.

ಬಂದರನ್ನೇ ಮೊದ್ಲು ಯಾಕ್ ಹಿಡೀಲಿಲ್ಲ ಅಂತೀಯಾ? 1942ರ ಆಗಸ್ಟ್ 19ಕ್ಕೆ ದಿಯೆಪ್ ಅನ್ನೋ ಬಂದರಿನ ಮೇಲೆ ನೇರವಾಗಿ ಬಿದ್ದು ನೋಡಿದ್ರು. ಹೋದ ಸುಮಾರು 5,000 ಕೆನಡಾ ಸೈನಿಕರಲ್ಲಿ 900ಕ್ಕೂ ಜಾಸ್ತಿ ಜನ ಸತ್ರು, 1,900ಕ್ಕೂ ಮೇಲೆ ಸೆರೆ ಸಿಕ್ರು. ಅಲ್ಲಿ ದಂಡೇಲಿ ಮರಳಿರ್ಲಿಲ್ಲ, ಬರೀ ಉರುಟು ಕಲ್ಲು, ಟ್ಯಾಂಕಿನ ಚೈನಿಗೆ ಕಲ್ಲು ಸಿಕ್ಕಾಕ್ಕೊಂಡು ಎಷ್ಟೋ ಟ್ಯಾಂಕು ಅಲ್ಲೇ ನಿಂತ್ವು. ಬಂದರಿಗೆ ನುಗ್ಗೋಕಾಗಲ್ಲ ಅಂದ್ಮೇಲೆ ಬಂದರನ್ನೇ ಹೊತ್ಕೊಂಡು ಹೋಗೋಣ ಅಂತ ಕಾಂಕ್ರೀಟ್ ಪೆಟ್ಟಿಗೆಗಳನ್ನ ತೇಲಿಸ್ಕೊಂಡು ಹೋಗಿ ದಂಡೆ ಹತ್ರ ಮುಳುಗಿಸಿ ಎರಡು ಬಂದರು ಕಟ್ಟಿದ್ರು, ಹೆಸರು ಮಲ್ಬೆರಿ. ಅದ್ರಲ್ಲಿ ಅಮೆರಿಕನ್ನರದ್ದು ಎರಡೇ ವಾರಕ್ಕೆ ಬಿರುಗಾಳಿಗೆ ಹೋಯ್ತು, ಅದು ಬೇರೆ ಕತೆ.

ಇನ್ನು ನಂಗೆ ತುಂಬಾ ಇಷ್ಟವಾದ ವಿಷಯ. ನಾರ್ಮಂಡಿ ಮರಳು ಟ್ಯಾಂಕ್ ತಡ್ಯುತ್ತಾ, ಕೆಳಗೆ ಜೌಗು ಇದ್ಯಾ ಅನ್ನೋ ಡೌಟು ಬಂತು. 1943ರ ಡಿಸೆಂಬರ್ 31ರ ರಾತ್ರಿ ಸ್ಕಾಟ್-ಬೌಡನ್, ಆಗ್ಡನ್-ಸ್ಮಿತ್ ಅನ್ನೋ ಇಬ್ಬರು ಆ ಚಳೀಲಿ ಈಜ್ಕೊಂಡು ದಂಡೆಗೆ ಹೋಗಿ, ಜರ್ಮನ್ ಕಾವಲಿನ ಮೂಗಿನ ಕೆಳಗೇ ಹೊಟ್ಟೆ ಮೇಲೆ ತೆವಳ್ಕೊಂಡು, ಕೊರೆಯೋ ಸಲಾಕೆ ಹಾಕಿ ಮಣ್ಣು ತೆಗೆದು ಕೊಳವೆಗೆ ತುಂಬ್ಕೊಂಡು ವಾಪಸ್ ಈಜ್ಕೊಂಡ್ ಬಂದ್ರು. ಅದಕ್ಕೂ ಮುಂಚೆ ಬಿಬಿಸಿ ರೇಡಿಯೋದಲ್ಲಿ ಫ್ರಾನ್ಸ್ ಕರಾವಳಿಗೆ ರಜಕ್ಕೆ ಹೋದಾಗ ತೆಗೆದ ಫೋಟೋ, ಪೋಸ್ಟ್‌ಕಾರ್ಡ್ ಇದ್ರೆ ಕಳ್ಸಿ ಅಂತ ಜನಕ್ಕೆ ಹೇಳಿದ್ರು, ಲಕ್ಷಗಟ್ಟಲೆ ಬಂದ್ವು. ಯಾರೋ ಹೆಂಡ್ತಿ ಮಕ್ಕಳನ್ನ ನಿಲ್ಲಿಸಿ ತೆಗೆದ ಫೋಟೋದ ಹಿಂದೆ ಕಾಣೋ ಗೋಡೆ ಎಷ್ಟು ಎತ್ತರ ಅಂತ ಆಫೀಸರು ಭೂತಗನ್ನಡಿ ಹಿಡ್ಕೊಂಡು ನೋಡೋದು!

ಪ್ರಶ್ನೆ: ಹೆಡ್ಡಿಂಗಲ್ಲಿ ದೋಣಿ ಲೆಕ್ಕ ಅಂತ ಹಾಕ್ತೀನಿ ಅಂದಿದ್ರಲ್ಲ ಫೋನಲ್ಲಿ, ಏನದು?
(ನಿವೃತ್ತ ಕಂಡಕ್ಟರ್, ಬೇಲೂರು)

ನಾನು ಹೇಳ್ಬೇಕು ಅಂತಿದ್ದಿದ್ದೇ ಇದನ್ನ. ಚರ್ಚಿಲ್ಲು, ಮಾರ್ಷಲ್ಲು ಎಷ್ಟೇ ದೊಡ್ಡ ಮಾತಾಡಿದ್ರೂ ಕೊನೆಗೆ ಎಲ್ಲಿ ಯಾವಾಗ ಅಂತ ತೀರ್ಮಾನ ಮಾಡಿದ್ದು ಎಲ್‌ಎಸ್‌ಟಿ ಅನ್ನೋ ಹಡಗು. ಸುಮಾರು 100 ಮೀಟರ್ ಉದ್ದ, ತಳ ಚಪ್ಪಟೆ, ದಂಡೆಗೇ ಬಂದು ಮೂತಿ ಬಾಗಿಲು ತೆಗೆದ್ರೆ ಒಳಗಿಂದ 20 ಟ್ಯಾಂಕು ಸಾಲಾಗಿ ಇಳಿಯುತ್ವೆ. ನೋಡೋಕೆ ಚಂದ ಇಲ್ಲ, ಸ್ಪೀಡ್ ಇಲ್ಲ, ಆದ್ರೆ ಪ್ರಪಂಚದ ಎಲ್ಲಾ ಕಮಾಂಡರ್‌ಗೂ ಅದೇ ಬೇಕು. ಪೆಸಿಫಿಕ್ಕಲ್ಲಿ ಜಪಾನ್ ವಿರುದ್ಧ ಬೇಕು, ಇಟಲಿಯ ಆಂಜಿಯೋಕ್ಕೆ ಬೇಕು, ಫ್ರಾನ್ಸಿಗೆ ಬೇಕು. ಅಮೆರಿಕದಲ್ಲಿ ಸಮುದ್ರದಿಂದ ಸಾವಿರಾರು ಕಿಲೋಮೀಟರ್ ಒಳಗೆ, ಇಲಿನಾಯ್, ಇಂಡಿಯಾನಾ ಕಡೆ ಜೋಳದ ಹೊಲದ ಮಧ್ಯೆ ನದಿ ದಡದಲ್ಲಿ ಕಾರ್ಖಾನೆ ಹಾಕಿ ಕಟ್ಟಿ ಮಿಸಿಸಿಪಿ ನದೀಲಿ ತೇಲಿಸ್ಕೊಂಡು ಸಮುದ್ರಕ್ಕೆ ತಂದ್ರು. ಒಟ್ಟು ಸಾವಿರಕ್ಕೂ ಜಾಸ್ತಿ ಕಟ್ಟಿದ್ರೂ ಬೇಕಾದಾಗ ಬೇಕಾದ್ ಕಡೆ ಇರ್ತಿರ್ಲಿಲ್ಲ.

ಮಾರ್ಗನ್ ಪ್ಲಾನಲ್ಲಿ ಮೊದಲನೇ ದಿನ ಸಮುದ್ರದಿಂದ ಇಳಿಯೋದು ಮೂರೇ ಡಿವಿಷನ್ (ಒಂದೊಂದೂ ಸಾವಿರಾರು ಸೈನಿಕರ ದೊಡ್ಡ ತುಕಡಿ), ಯಾಕಂದ್ರೆ ಅವನಿಗೆ ಕೊಡ್ತೀವಿ ಅಂದಿದ್ದ ದೋಣಿ ಅಷ್ಟೇ. 1944ರ ಹೊಸವರ್ಷಕ್ಕೆ ಬ್ರಿಟಿಷ್ ಜನರಲ್ ಮಾಂಟ್ಗೊಮರಿ ಆ ಪ್ಲಾನ್ ನೋಡಿ ಇದು ತೀರಾ ಇಕ್ಕಟ್ಟು, ಐದು ಡಿವಿಷನ್ ಬೇಕು, ಐದು ಬೀಚ್ ಬೇಕು ಅಂದ. ಐಸೆನ್‌ಹೋವರ್ ಹೂಂ ಅಂದ. ಹೇಳೋದು ಸುಲಭ, ದೋಣಿ ಎಲ್ಲಿಂದ ಬರ್ಬೇಕು? ಅದಕ್ಕೆ ಒಂದು ತಿಂಗಳು ಮುಂದೂಡಿ ಆ ತಿಂಗಳ ಪ್ರೊಡಕ್ಷನ್ ಹಿಡ್ಕೊಂಡ್ರು, ಮೇ ಹೋಗಿ ಜೂನ್ ಆಗಿದ್ದು ಹಂಗೆ. ಅಷ್ಟೂ ಸಾಲದೇ ದಕ್ಷಿಣ ಫ್ರಾನ್ಸಿಗೆ ಅದೇ ಟೈಮಲ್ಲಿ ಇಳಿಯಬೇಕಾಗಿದ್ದ ಇನ್ನೊಂದು ದಾಳೀನ ಆಗಸ್ಟ್ 15ಕ್ಕೆ ತಳ್ಳಿದ್ರು. ಅದರ ಮೇಲೂ ಒಂದು ಪೆಟ್ಟು, ಏಪ್ರಿಲ್ 28ರ ಬೆಳಗಿನ ಜಾವ ಇಂಗ್ಲೆಂಡಿನ ಸ್ಲ್ಯಾಪ್ಟನ್ ಹತ್ರ ರಿಹರ್ಸಲ್ ನಡೀತಿದ್ದಾಗ ಜರ್ಮನ್ ಟಾರ್ಪಿಡೋ ದೋಣಿಗಳು ನುಗ್ಗಿ ಎರಡು ಎಲ್‌ಎಸ್‌ಟಿ ಮುಳುಗಿಸಿದ್ವು, 749 ಅಮೆರಿಕನ್ನರು ಹೋದ್ರು.

ಪ್ರಶ್ನೆ: ದಾಳಿಗೆ ಮುಂಚೆ ಫ್ರಾನ್ಸಿನ ರೈಲು, ಸೇತುವೆಗೆಲ್ಲ ಬಾಂಬ್ ಹಾಕಿದ್ರಂತೆ. ಅಲ್ಲಿನ ಜನ ಸಾಯಲ್ವಾ?
(ಮೂಡಿಗೆರೆ)

ಸತ್ರು, ಸಾವಿರಾರು ಜನ. ಇದರ ಮೇಲೂ ದೊಡ್ಡ ರಗಳೆ ಆಯ್ತು. ಸಾಲಿ ಜುಕರ್‌ಮನ್ ಅಂತ ಒಬ್ಬ, ಮೂಲತಃ ಕೋತಿಗಳ ಮೇಲೆ ಸ್ಟಡಿ ಮಾಡಿದ್ದ ಪ್ರಾಣಿಶಾಸ್ತ್ರಜ್ಞ, ಅವನೂ ಏರ್ ಮಾರ್ಷಲ್ ಟೆಡ್ಡರೂ ರೈಲ್ವೆ ಯಾರ್ಡ್ ಹೊಡೀಬೇಕು ಅಂದ್ರು. ಅಮೆರಿಕದ ವಾಯುಪಡೆ ಜನರಲ್ ಸ್ಪಾಟ್ಜ್ ಬೇಡ, ಜರ್ಮನಿಯ ಪೆಟ್ರೋಲ್ ಕಾರ್ಖಾನೆ ಹೊಡೀಬೇಕು ಅಂದ. ಐಸೆನ್‌ಹೋವರ್ ರೈಲ್ವೆ ಕಡೆ ನಿಂತ. ನಮ್ಮೂರ ಲೆಕ್ಕದಲ್ಲಿ ಹೇಳ್ತೀನಿ: ಶಿರಾಡಿ, ಚಾರ್ಮಾಡಿ, ಬಿಸಿಲೆ ಮೂರೂ ಒಂದೇ ಮಳೆಗೆ ಬಂದ್ ಆದ್ರೆ ಮಂಗಳೂರಿಂದ ಹಾಸನಕ್ಕೆ ಲಾರಿ ಹೆಂಗ್ ಬರುತ್ತೆ? ಸೀನ್ ನದಿ ಸೇತುವೆ ಮುರಿದಿದ್ದು ಹಂಗೆ, ಜರ್ಮನ್ ಟ್ಯಾಂಕ್ ಡಿವಿಷನ್ ನಾರ್ಮಂಡಿಗೆ ಬರ್ಬೇಕಂದ್ರೆ ಸುತ್ತಿ ಬಳಸಿ ಬರ್ಬೇಕಾಯ್ತು. ಚರ್ಚಿಲ್ ಮಾತ್ರ ಫ್ರೆಂಚ್ ಜನರ ಸಾವಿನ ಬಗ್ಗೆ ಮೇ ತಿಂಗಳವರೆಗೂ ಗೋಳಾಡಿದ, ರೂಸ್‌ವೆಲ್ಟ್ ಸೈನ್ಯದೋರ ತೀರ್ಮಾನಕ್ಕೆ ನಾನು ಅಡ್ಡ ಬರಲ್ಲ ಅಂದ್ಬಿಟ್ಟ. ಈ ವಿಷಯದಲ್ಲಿ ಚರ್ಚಿಲ್ ಬಗ್ಗೆ ನಂಗೆ ಮರ್ಯಾದೆ ಇದೆ. ಬಂಗಾಳದ ಬರಗಾಲದಲ್ಲಿ ಇದೇ ಕರುಳು ಎಲ್ಲಿಗೆ ಹೋಗಿತ್ತು ಅನ್ನೋದು ಬೇರೆ ಪ್ರಶ್ನೆ.

ಪ್ರಶ್ನೆ: ಜೂನ್ 6 ಅಂತ ದಿನ ಯಾರ್ ಇಟ್ಟಿದ್ದು? ಪಂಚಾಂಗ ನೋಡಿದ್ರಾ?
(ಆಲೂರು)

ಒಂಥರಾ ಹೌದು! ಪ್ಯಾರಾಚೂಟಿನೋರಿಗೆ ರಾತ್ರಿ ಬೆಳದಿಂಗಳು ಬೇಕು, ನೌಕಾಪಡೆಗೆ ಬೆಳಕು ಹರಿದ ಸ್ವಲ್ಪ ಹೊತ್ತಿಗೆ ಸಮುದ್ರ ಇಳಿತದಲ್ಲಿರ್ಬೇಕು, ಇಲ್ದಿದ್ರೆ ಜರ್ಮನ್ ಸೇನಾಧಿಪತಿ ರೋಮೆಲ್ ನೆಟ್ಟಿದ್ದ ಕಬ್ಬಿಣದ ಅಡ್ಡಗಟ್ಟುಗಳು ನೀರಲ್ಲಿ ಮುಳುಗಿ ಕಾಣಲ್ಲ. ಎರಡೂ ಕೂಡಿ ಬರೋದು ಜೂನ್ 5, 6, 7 ಮಾತ್ರ. 5ಕ್ಕೆ ಅಂತಿದ್ದಿದ್ದು ಗಾಳಿ ಮಳೆಗೆ ನಿಂತೋಯ್ತು. ಹವಾಮಾನ ಹೇಳ್ತಿದ್ದ ಜೇಮ್ಸ್ ಸ್ಟ್ಯಾಗ್ 6ಕ್ಕೆ ಸ್ವಲ್ಪ ತೆರಪು ಸಿಗುತ್ತೆ ಅಂದ, ಐಸೆನ್‌ಹೋವರ್ ನಡೀರಿ ಅಂದ. ಆವತ್ತು ಬೇಡ ಅಂದಿದ್ರೆ ಮುಂದಿನ ಉಬ್ಬರವಿಳಿತದ ಲೆಕ್ಕ ಕೂಡೋದು 19ರ ಸುಮಾರಿಗೆ, ಆ 19ಕ್ಕೇ ನೋಡಿ ಮಲ್ಬೆರಿ ಮುರಿದ ಬಿರುಗಾಳಿ ಶುರುವಾಗಿದ್ದು.

ಪ್ರಶ್ನೆ: ಜರ್ಮನ್ನರೇನು ನಿದ್ದೆ ಮಾಡ್ತಿದ್ರಾ?
(ಕಡೂರು)

ಅಲ್ಲೂ ಜಗಳನೇ. ಟ್ಯಾಂಕುಗಳನ್ನ ದಂಡೆ ಪಕ್ಕದಲ್ಲೇ ಇಡಿ ಅಂತ ರೋಮೆಲ್, ಹಿಂದೆ ಇಟ್ಟು ಶತ್ರು ಎಲ್ಲಿಳಿದ ಅಂತ ನೋಡ್ಕೊಂಡು ಹೊಡೆಯೋಣ ಅಂತ ಅವನ ಮೇಲಿನ ಸೇನಾಧಿಪತಿ ರುಂಡ್‌ಶ್ಟೆಟ್. ಹಿಟ್ಲರ್ ಅರ್ಧರ್ಧ ಹಂಚಿ, ಮುಖ್ಯವಾದ ಡಿವಿಷನ್ನುಗಳನ್ನ ತನ್ನ ಪರ್ಮಿಷನ್ ಇಲ್ದೆ ಕದಲಿಸ್ಬಾರ್ದು ಅಂದ. 6ನೇ ತಾರೀಕು ಆ ಪರ್ಮಿಷನ್ ಬಂದಿದ್ದು ಮಧ್ಯಾಹ್ನದ ಮೇಲೆ. ರೋಮೆಲ್ ಹೆಂಡ್ತಿ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿದ್ದ.

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ಈ ದೋಣಿ ಲೆಕ್ಕದಲ್ಲಿ ನಮ್ ಇಂಡಿಯಾ ಎಲ್ಲಾದ್ರೂ ಬರುತ್ತಾ?
(ಮಾಜಿ ಸೈನಿಕರು, ಅರಸೀಕೆರೆ)

ಬರುತ್ತೆ ಸಾರ್, ಬಹಳ ಜನಕ್ಕೆ ಗೊತ್ತಿಲ್ಲ. ಅಂಡಮಾನ್ 1942ರ ಮಾರ್ಚಿಂದ ಜಪಾನ್ ಕೈಲಿತ್ತಲ್ಲ, ಅದನ್ನ ಸಮುದ್ರದಿಂದ ಹೋಗಿ ಹಿಡಿಯೋಕೆ ಬುಕನೀರ್ ಅಂತ ಪ್ಲಾನ್ ಇತ್ತು, ಮೌಂಟ್‌ಬ್ಯಾಟನ್ ಉಸ್ತುವಾರಿ. 1943ರ ನವೆಂಬರಲ್ಲಿ ಕೈರೋದಲ್ಲಿ ರೂಸ್‌ವೆಲ್ಟ್ ಇದನ್ನ ಮಾಡ್ತೀವಿ ಅಂತ ಚೀನಾದ ಚಿಯಾಂಗ್ ಕೈ-ಶೆಕ್‌ಗೆ ಮಾತು ಕೊಟ್ಟ. ಅಲ್ಲಿಂದ ಟೆಹರಾನಿಗೆ ಹೋಗಿ ಸ್ಟಾಲಿನ್ನಿಗೆ ಫ್ರಾನ್ಸ್ ದಾಳಿ ಗ್ಯಾರಂಟಿ ಅಂದ್ರು, ವಾಪಸ್ ಕೈರೋಗೆ ಬಂದು ದೋಣಿ ಎಣಿಸಿದ್ರೆ ಎರಡಕ್ಕೂ ಸಾಲಲ್ಲ. ಡಿಸೆಂಬರ್ ಮೊದಲನೇ ವಾರದಲ್ಲೇ ಅಂಡಮಾನ್ ಪ್ಲಾನ್ ಕ್ಯಾನ್ಸಲ್, ದೋಣಿಗಳು ಯುರೋಪಿಗೆ. ಅದೇ ತಿಂಗಳ ಕೊನೇಲಿ ಸುಭಾಷ್ ಬೋಸರು ಪೋರ್ಟ್ ಬ್ಲೇರಿಗೆ ಬಂದು ಬಾವುಟ ಹಾರಿಸಿದ್ರು. ಆ ದಾಳಿ ನಡೆದಿದ್ರೆ ಇಳಿಯೋರಲ್ಲಿ ನಮ್ ಹುಡುಗರೂ ಇರೋರು.

ಇಂಡಿಯನ್ ಡಿವಿಷನ್ನುಗಳಿಗೆ ಸಮುದ್ರದಿಂದ ದಂಡೆಗೆ ಇಳಿಯೋ ಅಂಥ ದೊಡ್ಡ ಅವಕಾಶ ಸಿಕ್ಕಿದ್ದು 1945ರ ಸೆಪ್ಟೆಂಬರ್ 9ಕ್ಕೆ, ಮಲಯಾದಲ್ಲಿ, ಆಪರೇಷನ್ ಜಿಪ್ಪರ್. ಜಪಾನ್ ಅಷ್ಟೊತ್ತಿಗೆ ಶರಣಾಗಿತ್ತು, ಆದ್ರೂ ಪ್ಲಾನ್ ಪ್ರಕಾರನೇ ಇಳಿದ್ರು. ಮೋರಿಬ್ ಅನ್ನೋ ಬೀಚಲ್ಲಿ ಮೇಲೆ ಮರಳು, ಕೆಳಗೆ ಕೆಸರು, ಇಳಿದ ಗಾಡಿಗಳು ಸಾಲುಸಾಲಾಗಿ ಹೂತ್ಕೊಂಡ್ವು. ಎದುರಿಗೆ ಒಂದು ಮೆಷಿನ್ ಗನ್ ಇದ್ದಿದ್ರೂ ಏನಾಗಿರೋದು ಅನ್ನೋದು ನಿಮ್ಗೆ ನಾನು ಹೇಳ್ಬೇಕಾಗಿಲ್ಲ ಸಾರ್.

(ಮುಂದಿನ ಸಂಚಿಕೆಗೆ ಪ್ರಶ್ನೆ ಕಳ್ಸೋರು 15ನೇ ತಾರೀಕೊಳಗೆ ಕಳ್ಸಿ, ದಯವಿಟ್ಟು ವಾಯ್ಸ್ ಮೆಸೇಜ್ ಬೇಡ.)