ಎಡಗಡೆ ಸೀಟಿನವರು ಎಲ್ಲಿ ಹೋದರು?

ನಮಸ್ಕಾರ.

ನಿಮ್ಮ ‘ಆರಾಮಾಗಿ ಒಂದು ಪಯಣ’ ಲೇಖನ ತಲುಪಿದೆ. ಪೂರ್ತಿ ಓದಿದೆ. ಮಾರನೇ ದಿನ ಮತ್ತೆ ಓದಿದೆ. ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಇಬ್ಬರೇ ಕಾರಿನಲ್ಲಿ ಹೊರಟಿದ್ದೀರಿ. ಲಾಲ್‌ಬಾಗ್‌ನಲ್ಲಿ ಒಂದು ಸುತ್ತು ಹಾಕಿ ಬೆಂಗಳೂರು ಬಿಟ್ಟು, ಮೈಸೂರು, ಬೃಂದಾವನ, ಮಡಿಕೇರಿ ನೋಡಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು ಸೇರಿದ್ದೀರಿ. ಅಲ್ಲಿಂದ ಕಡಲ ಪಕ್ಕದ ಹೆದ್ದಾರಿ ಹಿಡಿದು ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ, ಕೊನೆಗೆ ಕಾರವಾರ. ಅದೂ ಕಳೆದ ಜುಲೈಯಲ್ಲಿ, ಸುರಿಯುವ ಮಳೆಯಲ್ಲಿ. ಭಾಷೆ ಚೊಕ್ಕವಾಗಿದೆ. ಕಾಗುಣಿತದ ತಪ್ಪಿಲ್ಲ. ದಾರಿ ಎಲ್ಲೂ ಗೊಂದಲವಾಗಿಲ್ಲ. ಹೊಸದಾಗಿ ಬರೆಯುವವರಲ್ಲಿ ಇಷ್ಟು ಸಿಗುವುದೇ ಅಪರೂಪ.

ಆದರೆ ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ‘ಸ್ವೀಕರಿಸಲಾಗಿಲ್ಲ’ ಅಂತ ಒಂದು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ಬೃಂದಾವನದ ಭಾಗದಲ್ಲಿರುವ ಒಂದೇ ಒಂದು ಸಾಲು.

ಆ ಭಾಗದ ಶುರುವಿನಲ್ಲಿ ನೀವು ತೋಟದ ಕೆಲಸ 1927ರಲ್ಲಿ ಆರಂಭವಾಗಿ 1932ರಲ್ಲಿ ಮುಗಿಯಿತು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕನಸು, ಸುಮಾರು 60 ಎಕರೆ ಅಂತೆಲ್ಲ ಹೇಳಿದ್ದೀರಿ. ಸರಿಯಾಗಿದೆ. ಆಮೇಲೆ ಸಂಗೀತ ಕಾರಂಜಿ ಬರುತ್ತದೆ, ಜನಜಂಗುಳಿ ಬರುತ್ತದೆ, ಬಣ್ಣದ ದೀಪ ಬರುತ್ತದೆ. ಹಾಡು ನಿಂತು ಜನ ಗೇಟಿನ ಕಡೆ ನಡೆಯುವಾಗ ನಿಮ್ಮ ಮನೆಯವರು ಮೆಟ್ಟಿಲ ಮೇಲೆ ಕೂತವರು ಏಳುವುದಿಲ್ಲ. ‘ಈಗ ನೀರಿನ ಸದ್ದು ಕೇಳಿಸ್ತಾ ಇದೆ, ಸ್ವಲ್ಪ ಇರಿ’ ಅನ್ನುತ್ತಾರೆ.

ಇದನ್ನು ಓದಿ ನಾನು ಕಾಗದ ಕೆಳಗಿಟ್ಟೆ. ಇಡೀ ಲೇಖನದಲ್ಲಿ ಯಾರೋ ಒಬ್ಬರು ನಿಜವಾಗಿ ಒಂದು ಜಾಗದಲ್ಲಿದ್ದಾರೆ ಅಂತ ನನಗೆ ಅನ್ನಿಸಿದ್ದು ಅಲ್ಲಿ. ಅಣೆಕಟ್ಟಿನ ಕೆಳಗೆ ಹಂತ ಹಂತವಾಗಿ ಇಳಿಯುವ ತೋಟ ಅದು. ಅಲ್ಲಿ ನೋಡಬೇಕಾದದ್ದು ನೀರೇ, ಕೇಳಬೇಕಾದದ್ದೂ ನೀರೇ. ಅವರು ಅದನ್ನು ಒಂದು ಮಾತಿನಲ್ಲಿ ಹಿಡಿದರು. ಅವರ ಮಾತನ್ನು ನೀವು ಹಾಗೇ ಬರೆದಿಟ್ಟಿರಿ, ಅದು ನಿಮ್ಮ ಒಳ್ಳೆಯತನ.

ಸರಿ, ಆಮೇಲೆ ಅವರು ಎಲ್ಲಿ ಹೋದರು?

ಪೆನ್ಸಿಲ್ ಹಿಡಿದು ಹುಡುಕಿದೆ. ಮಡಿಕೇರಿಯಲ್ಲಿ, ರಾಜಾಸೀಟಿನಲ್ಲಿ, ಅವರು ನಿಮ್ಮ ಫೋಟೋ ತೆಗೆಯುತ್ತಾರೆ. ಸಂಪಾಜೆ ಘಾಟಿಯಲ್ಲಿ ಅವರಿಗೆ ತಲೆ ಸುತ್ತುತ್ತದೆ. ಮುರುಡೇಶ್ವರದಲ್ಲಿ ಕಾಲು ನೋವು ಅಂತ ಕಾರಿನಲ್ಲೇ ಉಳಿಯುತ್ತಾರೆ. ಅಷ್ಟೇ. ಲೇಖನದ ಕೆಳಗೆ ‘ದಂಪತಿಯ ಪ್ರವಾಸ ಕಥನ’ ಅಂತ ಬರೆದಿದ್ದೀರಿ. ಬರಹದಲ್ಲಿ ದಂಪತಿ ಇಲ್ಲ. ಒಬ್ಬ ಗಂಡಸು ಕಾರು ಓಡಿಸುತ್ತಾರೆ, ಪಕ್ಕದಲ್ಲಿ ಒಂದು ಆರೋಗ್ಯ ಸಮಸ್ಯೆ ಕೂತಿದೆ. ಇದು ನನಗೆ ಬಹಳ ಬೇಸರ ತಂದಿತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಘಾಟಿಯ ಸಾಲನ್ನೇ ತೆಗೆದುಕೊಳ್ಳಿ. ‘ತಿರುವುಗಳ ಹಾದಿಯಲ್ಲಿ ನನ್ನಾಕೆಗೆ ತಲೆ ಸುತ್ತು ಬಂದಿದ್ದರಿಂದ ಕೆಲಕಾಲ ನಿಂತು, ನಂತರ ಮುಂದೆ ಸಾಗಿದೆವು.’ ಕೆಲಕಾಲ ಅಂದರೆ ಎಷ್ಟು? ಎಲ್ಲಿ ನಿಂತಿರಿ? ಜುಲೈಯಲ್ಲಿ ಆ ರಸ್ತೆಯ ಪಕ್ಕ ಬಂಡೆಗಳ ಮೇಲಿಂದ ನೀರು ಇಳಿಯುತ್ತಲೇ ಇರುತ್ತದೆ. ಪಾಚಿ, ಜರಿಗಿಡ, ಕಾಲಿಗೆ ಹತ್ತುವ ಜಿಗಣೆ. ಅವರು ಕಾರಿನಿಂದ ಇಳಿದರಾ, ಬಾಗಿಲು ತೆಗೆದು ಕೂತೇ ಇದ್ದರಾ? ಕುಡಿಯಲು ಏನು ಕೊಟ್ಟಿರಿ? ನೀವು ಆಗ ಏನು ಮಾಡುತ್ತಿದ್ದಿರಿ, ಗಡಿಯಾರ ನೋಡುತ್ತಿದ್ದಿರಾ? ಆರಾಮಾಗಿ ಹೋದೆವು ಅಂತ ತಲೆಬರಹದಲ್ಲಿ ಹೇಳಿದರೆ ಸಾಲದು. ಇಡೀ ಪ್ರಯಾಣದಲ್ಲಿ ಯೋಜನೆ ಇಲ್ಲದೆ ನಿಂತ ಒಂದೇ ಜಾಗ ಅದು. ಅದನ್ನೇ ನೀವು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿರಿ. ಗಂಡ ಹೆಂಡತಿ ಅಷ್ಟು ವರ್ಷ ಜೊತೆಗಿದ್ದು ಹೇಗೆ ಅನ್ನುವುದು ಇಂಥ ಹತ್ತು ನಿಮಿಷದಲ್ಲಿ ಕಾಣುತ್ತದೆ, ಅಲ್ವಾ? ಓದುವವರಿಗೆ ಬೇಕಾಗಿರುವುದು ಅದು.

ಇನ್ನು ಮರವಂತೆ. ‘ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ನಮ್ಮ ಕಾರು. ಸ್ವರ್ಗವೇ ಧರೆಗಿಳಿದಂತಿತ್ತು.’ ಮರವಂತೆ ಬಗ್ಗೆ ನಮಗೆ ಬರುವ ಎಲ್ಲ ಲೇಖನದಲ್ಲೂ ಈ ಸಾಲು ಇರುತ್ತದೆ. ಒಂದು ಸಲ ಕಣ್ಣು ಮುಚ್ಚಿ ಆ ಕಾರಿನಲ್ಲಿ ಮತ್ತೆ ಕೂತುಕೊಳ್ಳಿ. ಮಂಗಳೂರಿನಿಂದ ಕಾರವಾರದ ಕಡೆಗೆ, ಅಂದರೆ ಉತ್ತರಕ್ಕೆ ಹೋಗುವಾಗ ಕಡಲು ಯಾವಾಗಲೂ ಎಡಕ್ಕೆ. ಸ್ಟೀರಿಂಗ್ ಬಲಕ್ಕೆ. ನಿಮ್ಮ ಪಕ್ಕದಲ್ಲಿದ್ದದ್ದು ರಸ್ತೆಯ ಡಿವೈಡರ್, ಎದುರಿನಿಂದ ಬರುವ ಲಾರಿ, ಅದರಾಚೆ ನದಿ. ಕಡಲು ಇದ್ದದ್ದು ಅವರ ಕಿಟಕಿಯಲ್ಲಿ. ಮರವಂತೆ ಒಂದೇ ಅಲ್ಲ, ಆ ಹೆದ್ದಾರಿಯಲ್ಲಿ ಎಲ್ಲೆಲ್ಲಿ ನೀರು ಇಣುಕಿತೋ ಅಲ್ಲೆಲ್ಲ ಮೊದಲು ಕಂಡದ್ದು ಅವರಿಗೆ. ನೀವು ತಲೆ ತಿರುಗಿಸಿ ನೋಡಿದರೂ ನಡುವೆ ಅವರ ಮುಖ ಇತ್ತು!

ಆ ಮುಖ ನಿಮ್ಮ ಬರಹದಲ್ಲಿ ಇಲ್ಲ. ಕಡಲು ಮಾತ್ರ ಇದೆ, ಅದೂ ನೀವು ನೇರವಾಗಿ ನೋಡಿದ ಹಾಗೆ.

ಅಲ್ಲಿ ಕಡಲ್ಕೊರೆತ ತಡೆಯಲು ರಾಶಿ ಹಾಕಿದ ದೊಡ್ಡ ದೊಡ್ಡ ಬಂಡೆಗಳಿವೆ. ಮಳೆಗಾಲದಲ್ಲಿ ತೆರೆ ಬಂದು ಅವಕ್ಕೆ ಹೊಡೆಯುತ್ತದೆ. ಅವರು ಗಾಜು ಏರಿಸಿದರಾ? ಉಪ್ಪಿನ ಹನಿ ಕಿಟಕಿಗೆ ಹತ್ತಿತಾ? ‘ನಿಲ್ಸಿ’ ಅಂದರಾ, ‘ಬೇಡ, ಹೋಗಿ’ ಅಂದರಾ? ನಿಮಗೆ ನದಿ ಕಾಣುತ್ತಿದ್ದಾಗ ಅವರಿಗೆ ಕಡಲು ಕಾಣುತ್ತಿತ್ತು. ಒಂದೇ ಕಾರು, ಒಂದೇ ನಿಮಿಷ, ಎರಡು ಬೇರೆ ನೀರು. ಇಂಥ ಜಾಗ ಇನ್ನೆಲ್ಲಿ ಸಿಗುತ್ತದೆ ಹೇಳಿ. ಸ್ವರ್ಗವನ್ನು ಕರೆಯುವ ಅವಶ್ಯಕತೆಯೇ ಇರಲಿಲ್ಲ.

ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯಲ್ಲಿ, ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಮೊದಲು ಕೊಟ್ಟ ಕೆಲಸ ಬರೆಯುವುದಲ್ಲ, ಓದುವುದು. ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತ ಹಿರಿಯ ಉಪಸಂಪಾದಕರು ಪ್ರೂಫ್ ಮೇಲೆ ಪೆನ್ಸಿಲ್ ಓಡಿಸಬೇಕು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಬಾಯಿಬಿಟ್ಟು ಹೇಳಬೇಕು. ಪ್ರವಾಸದ ಬರಹ ಬಂದಾಗ ಅವರು ನಡುವೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ‘ಇದನ್ನ ನೋಡಿದ್ದು ಯಾರಪ್ಪ?’ ಅಂತ ಕೇಳುತ್ತಿದ್ದರು. ಉತ್ತರವನ್ನು ನಾನು ಕೊಡುವ ಹಾಗಿರಲಿಲ್ಲ, ಕಾಗದದಲ್ಲಿ ಹುಡುಕಬೇಕಿತ್ತು. ಸಿಕ್ಕರೆ ಮುಂದಕ್ಕೆ, ಇಲ್ಲದಿದ್ದರೆ ಆ ಸಾಲಿನ ಪಕ್ಕ ಒಂದು ಸಣ್ಣ ಸೊನ್ನೆ. ಸೊನ್ನೆಗಳು ಜಾಸ್ತಿಯಾದ ಲೇಖನ ವಾಪಸ್ ಹೋಗುತ್ತಿತ್ತು.

ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಒಬ್ಬ ಕಂಪೋಸಿಟರ್ ಇದ್ದರು. ಅಚ್ಚಾದ ಮೇಲೆ ಮೊಳೆಗಳನ್ನೆಲ್ಲ ಬಿಚ್ಚಿ ಅವುಗಳ ಮನೆಗೆ ಹಾಕುವುದು ವಾಡಿಕೆ. ಅವರು ಕೆಲವನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ‘ಪ್ರಕೃತಿಯ ಮಡಿಲಲ್ಲಿ’, ‘ಕಣ್ಮನ ಸೆಳೆಯುವ’, ‘ಕೈಬೀಸಿ ಕರೆಯುವ’. ದಾರ ಸುತ್ತಿ ಒಂದು ಮೂಲೆಯಲ್ಲಿ ಇಡುತ್ತಿದ್ದರು, ಮುಂದಿನ ವಾರ ಬೇಕಾಗುತ್ತೆ ಅಂತ. ನಾನು ಅದರಲ್ಲೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೆರಳುದ್ದದ ಸೀಸದ ಕಟ್ಟು, ಉಲ್ಟಾ ಅಕ್ಷರ, ಅಂಚೆಲ್ಲ ಸವೆದು ಮಸಿ ಗಟ್ಟಿ ಹಿಡಿದಿತ್ತು. ಎಷ್ಟು ಜನರ ಎಷ್ಟು ಊರುಗಳ ಮೇಲೆ ಅದು ಬಿದ್ದಿತ್ತೋ. ಈಗ ಮೊಳೆ ಇಲ್ಲ, ಆದರೆ ಆ ಕಟ್ಟುಗಳು ನಮ್ಮ ಟಪಾಲಿನಲ್ಲಿ ಈಗಲೂ ಬರುತ್ತಿವೆ. ನಿಮ್ಮದರಲ್ಲೂ ಬಂದಿದೆ, ಮಲ್ಪೆಯ ಭಾಗದಲ್ಲಿ. ನನಗೆ ಸಿಟ್ಟು ಬಂದದ್ದು ಅಲ್ಲೇ.

‘ಮಲ್ಪೆಯ ನೀಲಿ ಕಡಲು ನಮ್ಮನ್ನು ಕೈಬೀಸಿ ಕರೆಯಿತು. ಸಂಜೆಯ ಹೊತ್ತಿಗೆ ಮೀನು ತುಂಬಿದ ಬೋಟುಗಳು ಒಂದೊಂದಾಗಿ ದಡಕ್ಕೆ ಮರಳುತ್ತಿದ್ದವು.’

ನೀವು ಹೋಗಿದ್ದು ಜುಲೈಯಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಒರಟಾಗಿರುವ ಕಾಲ. ಅಷ್ಟೂ ದಿನ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ನಾಡದೋಣಿಗಳು ಹೋಗಬಹುದು, ಅದೂ ಕಡಲು ಬಿಟ್ಟರೆ. ಮೀನು ತುಂಬಿಕೊಂಡು ಸಾಲಾಗಿ ಬರುವ ಬೋಟುಗಳನ್ನು ನೀವು ನೋಡಿರಲು ಸಾಧ್ಯವಿಲ್ಲ. ನೀರು ನೀಲಿಯೂ ಇರಲಿಲ್ಲ. ಹೊಳೆಗಳೆಲ್ಲ ಕೆಸರು ತಂದು ಸುರಿಯುವ ತಿಂಗಳಲ್ಲಿ ಅದು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮತ್ತೆ ಕೈಬೀಸಿ ಕರೆಯುವ ವಿಷಯ. ಮಳೆಗಾಲದಲ್ಲಿ ಮಲ್ಪೆ ಬೀಚ್‌ನಲ್ಲಿ ಯಾರೂ ನೀರಿಗೆ ಇಳಿಯದ ಹಾಗೆ ಬಲೆ ಕಟ್ಟಿರುತ್ತಾರೆ. ಸೇಂಟ್ ಮೇರೀಸ್ ದ್ವೀಪಕ್ಕೂ ಬೋಟ್ ಬಿಡುವುದಿಲ್ಲ. ಅಂದರೆ ನೀವಿಬ್ಬರೂ ಅಷ್ಟು ದೂರ ಬಂದು, ಬಲೆಯ ಕಣ್ಣಿನಲ್ಲಿ ಕಡಲು ನೋಡಿದಿರಿ. ಅದನ್ನು ಯಾಕೆ ಬರೆಯಲಿಲ್ಲ?

ನೀವು ಸುಳ್ಳು ಹೇಳಿದಿರಿ ಅಂತ ನಾನು ಹೇಳುತ್ತಿಲ್ಲ. ಮನೆಗೆ ಬಂದು ಬರೆಯಲು ಕೂತಾಗ, ಕಡಲಿನ ಬಗ್ಗೆ ಹಿಂದೆ ಓದಿದ ಸಾಲುಗಳು ಮೊದಲು ಕೈಗೆ ಸಿಕ್ಕಿವೆ. ನೋಡಿದ್ದು ಹಿಂದೆ ಸರಿದಿದೆ. ತಿರುಗಿ ಒಮ್ಮೆ ಓದಿದ್ದರೆ ನಿಮಗೇ ಗೊತ್ತಾಗುತ್ತಿತ್ತು, ಯಾಕೆಂದರೆ ಎರಡು ಪ್ಯಾರಾ ಹಿಂದೆ ನೀವೇ ‘ವೈಪರ್ ನಿಲ್ಲಿಸಲು ಆಗದಷ್ಟು ಮಳೆ’ ಅಂತ ಬರೆದಿದ್ದೀರಿ.

ನೀಲಿ ಬೇಕೇ ಬೇಕು ಅಂದರೆ ಆ ದಾರಿಯಲ್ಲಿ ಜುಲೈಯಲ್ಲೂ ನೀಲಿ ಇದೆ, ಆದರೆ ಕಡಲಲ್ಲಿ ಅಲ್ಲ. ಸುಳ್ಯ, ಪುತ್ತೂರಿನ ಕಡೆ ಅದು ಅಡಿಕೆಗೆ ಮದ್ದು ಬಿಡುವ ಕಾಲ. ಮಳೆ ಸ್ವಲ್ಪ ಹೊಳವಾದರೆ ಸಾಕು, ಕೊಳೆರೋಗ ಬರದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಗೊನೆಗಳಿಗೆ ಸಿಂಪಡಿಸುತ್ತಾರೆ. ತಿಳಿನೀಲಿ ಬಣ್ಣ. ಡ್ರಮ್ಮಿನ ಅಂಚಿಗೆ, ಕೆಲಸದವರ ಅಂಗಿಗೆ, ಕೈಗೆ, ಎಲೆಯ ತುದಿಗೆ ಎಲ್ಲ ಅದು ಹತ್ತಿರುತ್ತದೆ. ರಸ್ತೆ ಬದಿಯ ತೋಟದಲ್ಲಿ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ನಿಮಗೆ ಬಿದ್ದಿಲ್ಲದಿದ್ದರೆ ಅವರನ್ನು ಕೇಳಿ. ಓಡಿಸುವವರಿಗೆ ರಸ್ತೆ ಕಾಣುತ್ತದೆ, ಪಕ್ಕದಲ್ಲಿ ಕೂತವರಿಗೆ ತೋಟ ಕಾಣುತ್ತದೆ.

ತೋಟ ಅಂದಾಗ ಇನ್ನೊಂದು ವಿಷಯ. ಲಾಲ್‌ಬಾಗ್ ಮತ್ತು ಬೃಂದಾವನ ಎರಡರಲ್ಲೂ ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಕೈಕೆಲಸ ಇದೆ. ಒಂದು ಹೈದರಾಲಿ ಕಾಲದಿಂದ ಬೆಳೆದ ಮರಗಳ ನೆರಳು, ಇನ್ನೊಂದು ಅಳತೆ ಹಿಡಿದು ಕಟ್ಟಿದ ಮೆಟ್ಟಿಲು, ಕಾಲುವೆ, ಕಾರಂಜಿ. ಎರಡನ್ನೂ ಒಂದೇ ಪ್ರಯಾಣದಲ್ಲಿ ನಡೆದು ನೋಡಿದವರು ನೀವು. ಇಬ್ಬರಿಗೂ ಒಂದೇ ತೋಟ ಇಷ್ಟವಾಯಿತೇ? ನನ್ನ ಅನುಮಾನ, ಆಗಿರಲಿಕ್ಕಿಲ್ಲ. ನಿಮಗೆ ದೀಪ, ಅವರಿಗೆ ನೀರು ಅಂತ ಬೃಂದಾವನದಲ್ಲೇ ಗೊತ್ತಾಯಿತಲ್ಲ. ಆ ವ್ಯತ್ಯಾಸವನ್ನು ಮುಚ್ಚಬೇಡಿ. ಊಟದ ಹೊತ್ತಲ್ಲಿ, ದಾರಿ ಕವಲಾದಲ್ಲಿ, ರೂಮು ಹಿಡಿಯುವಾಗ ನಿಮ್ಮಿಬ್ಬರ ಅಭಿಪ್ರಾಯ ಬೇರೆ ಬೇರೆ ಆಗಿದ್ದರೆ ಅದೂ ಬರಲಿ. ಜಗಳ ಆಡಿದ್ದರೆ ಇನ್ನೂ ಒಳ್ಳೆಯದು.

ಮುರುಡೇಶ್ವರದ 123 ಅಡಿಯ ಶಿವ, ಗೋಕರ್ಣದ ದರ್ಶನ, ಕಾರವಾರದ ಸೂರ್ಯಾಸ್ತ ಇವನ್ನೆಲ್ಲ ನಾನು ಮುಟ್ಟುವುದಿಲ್ಲ. ಮೇಲಿನದು ಸರಿಯಾದರೆ ಅವು ತಾವಾಗಿ ಸರಿಯಾಗುತ್ತವೆ, ಅರ್ಧಕ್ಕರ್ಧ ಬಿದ್ದೂ ಹೋಗುತ್ತವೆ.

ಈಗ ಮಾಡಬೇಕಾದದ್ದು ಇಷ್ಟು. ಈ ಪ್ರತಿಯನ್ನು ಮೊದಲು ಮನೆಯವರಿಗೆ ಓದಲು ಕೊಡಿ. ಸುಮ್ನೆ ತೋರಿಸುವುದಲ್ಲ, ಪೆನ್ಸಿಲ್ ಕೊಟ್ಟು, ನೀವು ಪಕ್ಕದ ಕೋಣೆಗೆ ಹೋಗಿ. ‘ಹೀಗಿರಲಿಲ್ಲ’ ಅಂತ ಅವರು ಎಲ್ಲೆಲ್ಲಿ ಗುರುತು ಹಾಕುತ್ತಾರೋ ಅಲ್ಲಿಂದ ಹೊಸದಾಗಿ ಶುರು ಮಾಡಿ. ಮರವಂತೆಯ ಭಾಗವನ್ನು ಅವರೇ ಬರೆಯಲು ಒಪ್ಪಿದರೆ ಬಹಳ ಸಂತೋಷ. ಆಗ ಇಬ್ಬರ ಹೆಸರನ್ನೂ ಹಾಕೋಣ. ಬರೆಯುವುದಿಲ್ಲ ಅಂದರೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ನಿಮ್ಮ ಗ್ರಾಂಥಿಕ ಭಾಷೆಗೆ ಎಳೆಯಬೇಡಿ.

ಲೇಖನದ ಜೊತೆ ತುಂಬಾ ಫೋಟೋ ಕಳಿಸಿದ್ದೀರಿ, ಎಲ್ಲದರಲ್ಲೂ ನೀವೇ ಇದ್ದೀರಿ. ಅವರು ತೆಗೆದದ್ದರಲ್ಲಿ ನೀವಿಲ್ಲದವು ಫೋನಿನಲ್ಲಿ ಇದ್ದೇ ಇರುತ್ತವೆ. ಅವನ್ನು ಕಳಿಸಿ. ಪದಗಳ ಲೆಕ್ಕ ನೋಡಬೇಡಿ, ಜಾಗ ನಾನು ಮಾಡಿಕೊಡುತ್ತೇನೆ.