ಮೊದಲ ನಾಲ್ಕೈದು ಥಿನ್ ಕ್ಲೈಂಟ್ ಏಳುತ್ತವೆ, ಉಳಿದವು ಅರ್ಧಕ್ಕೆ ನಿಲ್ಲುತ್ತವೆ. ಹೊಸ ಸರ್ವರ್ ತಗೋಬೇಕಾ?

ತಗೋಬೇಡಿ. ಕೊಟೇಶನ್ ಬಂದಿದ್ದರೆ ಪ್ರಿನ್ಸಿಪಾಲರ ಟೇಬಲ್ಲಿಗೆ ಕಳಿಸದೆ ನಿಮ್ಮ ಹತ್ತಿರಾನೇ ಇಟ್ಟುಕೊಳ್ಳಿ.

ಯಾದಗಿರಿಯ ನಿಮ್ಮ ಲ್ಯಾಬ್‌ನಲ್ಲಿ ಉಬುಂಟು ಸರ್ವರ್, ಅದರ ಮೇಲೆ ಎಲ್‌ಟಿಎಸ್‌ಪಿ, ಅಂದರೆ ಸ್ವಂತ ಡಿಸ್ಕ್ ಬಿಟ್ಟು ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಏಳುವ ಕಂಪ್ಯೂಟರ್‌ಗಳನ್ನು (ಥಿನ್ ಕ್ಲೈಂಟ್) ನಡೆಸುವ ಸಾಫ್ಟ್‌ವೇರ್. ಮೊದಲು ಆನ್ ಮಾಡಿದವು ಸರಿಯಾಗಿ ಬರುತ್ತವೆ, ಆಮೇಲಿನವು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಲೋಡ್ ಆದಮೇಲೆ ಇನಿಟ್‌ರಾಮ್‌ಎಫ್‌ಎಸ್ (ಪೂರ್ತಿ ಸಿಸ್ಟಂ ಬರುವ ಮೊದಲು ಓಡುವ ಪುಟ್ಟ ಸಿಸ್ಟಂ) ಪ್ರಾಂಪ್ಟ್‌ಗೆ ಬಂದು ನಿಲ್ಲುತ್ತವೆ. ಸರ್ವರ್‌ಗೆ ಶಕ್ತಿ ಸಾಲುತ್ತಿಲ್ಲ ಅಂತ ನಿಮ್ಮ ಲೆಕ್ಕ. ಕಲಬುರಗಿಯಲ್ಲಿ ಒಂದು ಡಿಗ್ರಿ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಅದರಿಂದ ಕಾಲೇಜಿನ ದುಡ್ಡೂ ಹೋಯಿತು, ಹುಡುಗರ ಪ್ರಾಕ್ಟಿಕಲ್ಲೂ ಹಾಳಾಯಿತು.

ನಮ್ಮ ಲ್ಯಾಬ್ ಸರ್ವರ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್ ಇದ್ದವು. ಒಂದು ಆಫೀಸಿನ ರೂಟರ್ ಕಡೆಗೆ, ಇನ್ನೊಂದು ಲ್ಯಾಬ್ ಸ್ವಿಚ್ ಕಡೆಗೆ. ಲ್ಯಾಬ್ ಕಡೆಯ ವಿಳಾಸ 192.168.67.1, ಅಲ್ಲಿ ಡಿಎಚ್‌ಸಿಪಿ (ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಸೇವೆ) ಕೊಡುವುದು ನನ್ನ ಸರ್ವರ್ ಮಾತ್ರ. ಆಫೀಸ್ ರೂಟರ್ 192.168.1.1, ಅದರ ಡಿಎಚ್‌ಸಿಪಿ ಆಫೀಸಿಗೆ ಮಾತ್ರ. ಎರಡೂ ಬೇರೆ ಬೇರೆ. ನಾನೇ ಕೇಬಲ್ ಎಳೆದು ಹಾಗೆ ಮಾಡಿದ್ದು. ಒಂದು ವರ್ಷದ ಮೇಲೆ ಯಾವ ತಕರಾರೂ ಇಲ್ಲದೆ ನಡೆಯಿತು.

ಆಮೇಲೆ ಲ್ಯಾಬ್ ಬಾಗಿಲ ಪಕ್ಕ ಬಯೋಮೆಟ್ರಿಕ್ ಹಾಜರಿ ಯಂತ್ರ ಬಂತು. ಹಚ್ಚಲು ಬಂದ ಹುಡುಗ ಕೇಳಿದ: "ಸರ್, ನಿಮ್ಮ ಸ್ವಿಚ್‌ನಾಗ ಎರಡು ಪೋರ್ಟ್ ಖಾಲಿ ಅವ, ಹಚ್ಚಲೇನ್ರೀ?" ಹಚ್ಚಪ್ಪಾ ಅಂದೆ. ನಾನು ಕ್ಲಾಸಿನಲ್ಲಿದ್ದೆ, ತಿರುಗಿಯೂ ನೋಡಲಿಲ್ಲ.

ನನ್ನ ತಪ್ಪು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಲೇಬೇಕು. ಯಂತ್ರ ಒಂದು, ಪೋರ್ಟ್ ಎರಡು ಯಾಕೆ ಅಂತ ನಾನು ಕೇಳಲಿಲ್ಲ. ಒಂದು ಯಂತ್ರಕ್ಕೆ. ಇನ್ನೊಂದರಿಂದ ಆತ ಆಫೀಸ್ ರೂಟರ್‌ಗೆ ಕೇಬಲ್ ಎಳೆದಿದ್ದ, ಯಂತ್ರಕ್ಕೆ ಇಂಟರ್‌ನೆಟ್ ಬೇಕಲ್ಲ. ಅವನ ಕೆಲಸ ಅವನು ಸರಿಯಾಗೇ ಮಾಡಿದ. ಆದರೆ ಆ ಒಂದು ಕೇಬಲ್‌ನಿಂದ ನನ್ನ ಎರಡು ನೆಟ್‌ವರ್ಕ್ ಒಂದಾದವು. ಒಂದೇ ತಂತಿಯ ಮೇಲೆ ಇಬ್ಬರು ಡಿಎಚ್‌ಸಿಪಿ ಕೊಡುವವರು ಆದರು. ನನ್ನ ತಲೆಯಲ್ಲಿ ಮಾತ್ರ ಅವು ಇನ್ನೂ ಬೇರೆ ಬೇರೆಯೇ ಇದ್ದವು. ನಾನೇ ಬೇರೆ ಮಾಡಿದ್ದೆನಲ್ಲ! ಹಾಗಾಗಿ ಇನ್ನೊಂದು ಡಿಎಚ್‌ಸಿಪಿ ಇರಬಹುದಾ ಅನ್ನುವ ಪ್ರಶ್ನೆಯೇ ನನಗೆ ಹುಟ್ಟಲಿಲ್ಲ.

ಇನ್ನು ಮೊದಲ ನಾಲ್ಕೈದು ಮಾತ್ರ ಯಾಕೆ ಏಳುತ್ತವೆ? ಥಿನ್ ಕ್ಲೈಂಟ್ ಏಳುವಾಗ ವಿಳಾಸವನ್ನು ಒಂದೇ ಸಲ ಕೇಳುವುದಿಲ್ಲ. ಮೊದಲು ನೆಟ್‌ವರ್ಕ್ ಕಾರ್ಡಿನ ಪಿಎಕ್ಸ್‌ಇ (ನೆಟ್‌ವರ್ಕ್‌ನಿಂದ ಏಳಿಸುವ ಪುಟ್ಟ ಪ್ರೋಗ್ರಾಂ) ಕೇಳುತ್ತದೆ. ಅದು ಸ್ವಲ್ಪ ಜಾಣ. ಡಿಎಚ್‌ಸಿಪಿಯಿಂದ ಬಂದ ಉತ್ತರಗಳಲ್ಲಿ (ಆಫರ್) ಬೂಟ್ ಫೈಲಿನ ಹೆಸರು ಇರುವುದನ್ನು ಹುಡುಕಿ ಹಿಡಿಯುತ್ತದೆ, ರೂಟರ್‌ನ ಆಫರ್ ಬಿಟ್ಟುಬಿಡುತ್ತದೆ. ಅದಕ್ಕೇ ಕರ್ನಲ್ ತನಕ ಎಲ್ಲ ಸರಿ ಕಾಣುವುದು. ಕರ್ನಲ್ ಬಂದಮೇಲೆ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ವಿಳಾಸ ಕೇಳುತ್ತದೆ. ಅದಕ್ಕೆ ಬೂಟ್ ಫೈಲಿನ ಗೊಡವೆ ಇಲ್ಲ, ಯಾರು ಮೊದಲು ಕೊಟ್ಟರೋ ಅವರದ್ದು ತಗೊಳ್ಳುತ್ತದೆ. ರೂಟರ್ ಮೊದಲು ಕೊಟ್ಟರೆ 192.168.1 ಸಾಲಿನ ವಿಳಾಸ ಸಿಗುತ್ತದೆ. ಆಮೇಲೆ 192.168.67.1ರಿಂದ ಎನ್‌ಎಫ್‌ಎಸ್ ಮೌಂಟ್ ಮಾಡಲು, ಅಂದರೆ ಸರ್ವರ್‌ನ ಫೈಲ್‌ಗಳನ್ನು ನೆಟ್‌ವರ್ಕ್ ಮೂಲಕ ಜೋಡಿಸಿಕೊಳ್ಳಲು, ಹೋಗುತ್ತದೆ. ಅಲ್ಲಿಗೆ ದಾರಿಯೇ ಇಲ್ಲ. ಕಾದು ಕಾದು ಪ್ರಾಂಪ್ಟ್‌ಗೆ ಬೀಳುತ್ತದೆ.

ಒಂದೆರಡು ಯಂತ್ರ ಆನ್ ಮಾಡಿದಾಗ ಸರ್ವರ್‌ಗೆ ಬಿಡುವಿರುತ್ತದೆ, ಉತ್ತರ ಬೇಗ ಕೊಡುತ್ತದೆ. ಇಡೀ ಕ್ಲಾಸ್ ಒಟ್ಟಿಗೆ ಬಟನ್ ಒತ್ತಿದರೆ ಸರ್ವರ್‌ನ ಡಿಎನ್‌ಎಸ್‌ಮಾಸ್ಕ್ ಪ್ರೋಗ್ರಾಂಗೆ ಕೈತುಂಬ ಕೆಲಸ. ಡಿಎಚ್‌ಸಿಪಿ, ಟಿಎಫ್‌ಟಿಪಿ (ಬೂಟ್ ಫೈಲ್ ಕಳಿಸುವುದು) ಎರಡನ್ನೂ ಅದೊಂದೇ ಪ್ರೋಗ್ರಾಂ ಸರದಿಯಲ್ಲಿ ಮಾಡುತ್ತದೆ. ಕರ್ನಲ್ ಹಂಚುತ್ತಾ ಡಿಎಚ್‌ಸಿಪಿ ಉತ್ತರ ಚೂರು ತಡವಾಗುತ್ತದೆ. ಆಫೀಸ್ ರೂಟರ್ ಸುಮ್ನೆ ಕೂತಿರುತ್ತದೆ, ತಕ್ಷಣ ಕೊಟ್ಟುಬಿಡುತ್ತದೆ. ನೋಡುವವರಿಗೆ ಲೋಡ್ ಜಾಸ್ತಿ ಆಯ್ತು ಅಂತಲೇ ಕಾಣುತ್ತದೆ.

ನನಗೂ ಹಾಗೇ ಕಂಡಿತು. ಕ್ಲೈಂಟ್‌ಗಳು ಓಡಿಸುವ ಸ್ಕ್ವಾಶ್‌ಎಫ್‌ಎಸ್ ಇಮೇಜ್ (ಇಡೀ ಸಿಸ್ಟಂನ ಒತ್ತಿದ ಫೈಲ್) ಮತ್ತೆ ಮತ್ತೆ ಕಟ್ಟಿದೆ. ರ‍್ಯಾಮ್ ಹಾಕಿಸಿದೆ. ಕೊನೆಗೆ ಹೊಸ ಗಿಗಾಬಿಟ್ ಸ್ವಿಚ್ ತರಿಸಿದೆ. ಏಪ್ರಿಲ್ ಬಿಸಿಲು, ಕೂಲರ್‌ನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು ಹಳೇ ಸ್ವಿಚ್‌ನಿಂದ ಒಂದೊಂದೇ ಕೇಬಲ್ ಕಿತ್ತು ಅದೇ ಕ್ರಮದಲ್ಲಿ ಹೊಸದಕ್ಕೆ ಹಾಕಿದೆ. ಆಫೀಸಿನಿಂದ ಬಂದ ಆ ಬೂದು ಕೇಬಲ್ಲನ್ನೂ ನನ್ನ ಕೈಯಾರೆ ಹೊಸ ಸ್ವಿಚ್‌ಗೆ ಚುಚ್ಚಿದೆ. ಜೇವರ್ಗಿ, ಅಫಜಲಪುರ ಕಡೆಯಿಂದ ಬೆಳಗ್ಗೆ ಬಸ್ಸಿಗೆ ಬರುವ ಹುಡುಗರು ಪ್ರಾಕ್ಟಿಕಲ್ ಇಲ್ಲ ಅನ್ನಿಸಿಕೊಂಡು ವಾಪಸ್ ಹೋದರು. ಅದು ನನಗೆ ಇವತ್ತಿಗೂ ಬೇಜಾರು.

ಕಡೆಗೆ ಸಿಕ್ಕಿದ್ದು ಹೇಗೆ ಅಂದರೆ, ನಿಂತ ಯಂತ್ರದ ಪ್ರಾಂಪ್ಟ್‌ನಲ್ಲೇ ಅದರ ವಿಳಾಸ ನೋಡಿದೆ. ರನ್ ಫೋಲ್ಡರ್‌ನಲ್ಲಿ ನೆಟ್ ಅಂತ ಶುರುವಾಗುವ ಕಾನ್ಫ್ ಫೈಲ್ ಇರುತ್ತದೆ, ಅದನ್ನು ಕ್ಯಾಟ್ ಮಾಡಿದರೆ ಸಾಕು. ವಿಳಾಸ 192.168.1ರಿಂದ ಶುರುವಾಗಿತ್ತು. ಮರುಗಳಿಗೆಯೇ ಸರ್ವರ್‌ನಲ್ಲಿ ಟಿಸಿಪಿಡಂಪ್ (ತಂತಿಯ ಮೇಲೆ ಓಡಾಡುವುದನ್ನು ತೋರಿಸುವ ಕಮಾಂಡ್) ಹಾಕಿ, ಡಿಎಚ್‌ಸಿಪಿಯ ಯುಡಿಪಿ 67, 68 ಪೋರ್ಟ್ ಮಾತ್ರ ನೋಡಿದೆ. ವಿಳಾಸ ಬೇಕು ಅನ್ನುವ ಒಂದು ಕೂಗಿಗೆ (ಡಿಸ್ಕವರ್) ಎರಡು ಆಫರ್. ಒಂದು ನನ್ನದು, ಇನ್ನೊಂದು ರೂಟರ್‌ದು.

ನೀವೂ ಇವತ್ತು ಇದನ್ನೇ ಮಾಡಿ. ಬೇರೆ ಏನನ್ನೂ ಬದಲಿಸುವ ಮೊದಲು ನಿಂತ ಯಂತ್ರದ ವಿಳಾಸ ನೋಡಿ. ಇನ್ನೂ ಗಟ್ಟಿ ಬೇಕಿದ್ದರೆ ಒಂದು ಸಾದಾ ಸ್ವಿಚ್ ತಂದು ಅದಕ್ಕೆ ಸರ್ವರ್ ಮತ್ತು ಕ್ಲೈಂಟ್‌ಗಳ ಕೇಬಲ್ ಮಾತ್ರ ಹಾಕಿ, ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ. ಎಲ್ಲ ಎದ್ದರೆ ಸರ್ವರ್ ಆರೋಗ್ಯವಾಗಿದೆ ಅಂತ ಅರ್ಥ.

ಸರ್ವರ್ ರ‍್ಯಾಮ್ ಬಗ್ಗೆ ಒಂದು ಮಾತು. 2019ರಲ್ಲಿ ಪೂರ್ತಿ ಹೊಸದಾಗಿ ಬರೆದ ಎಲ್‌ಟಿಎಸ್‌ಪಿಯಲ್ಲಿ ಪ್ರೋಗ್ರಾಂಗಳು ಓಡುವುದು ಕ್ಲೈಂಟ್‌ನ ಪ್ರೊಸೆಸರ್, ಕ್ಲೈಂಟ್‌ನ ರ‍್ಯಾಮ್ ಮೇಲೆ. ಸರ್ವರ್ ಇಮೇಜ್ ಹಂಚುತ್ತದೆ, ಹುಡುಗರ ಫೈಲ್ ಇಟ್ಟುಕೊಳ್ಳುತ್ತದೆ, ಅಷ್ಟೇ. 100 ಮೆಗಾಬಿಟ್ ಸ್ವಿಚ್ ಇದ್ದರೆ ಏಳುವುದು ನಿಧಾನ ಆಗುತ್ತದೆ, ನಿಜ. ನಿಧಾನ ಆಗುವುದು ಬೇರೆ, ತಪ್ಪು ವಿಳಾಸ ಹಿಡಿದು ನಿಲ್ಲುವುದು ಬೇರೆ.

ಎರಡು ಆಫರ್ ಕಂಡರೆ ಏನು ಮಾಡಬೇಕು? ಹೆಚ್ಚಿನವರು ಆ ಕೇಬಲ್ ಕಿತ್ತುಹಾಕಿ ಅನ್ನುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಬೇರೆ ಬೇರೆ ನೆಟ್‌ವರ್ಕ್ ಅನ್ನುವುದು ಉಳಿಯುವುದಿಲ್ಲ. ಇವತ್ತು ಹಾಜರಿ ಯಂತ್ರ, ನಾಳೆ ಸಿಸಿಟಿವಿ, ನಾಡಿದ್ದು ಪ್ರೊಜೆಕ್ಟರ್. ಯಾರೋ ಒಬ್ಬರು ಮತ್ತೆ ಕೇಬಲ್ ಎಳೆದೇ ಎಳೆಯುತ್ತಾರೆ. ಎಲ್ಲವನ್ನೂ ಒಂದೇ ನೆಟ್‌ವರ್ಕ್ ಮಾಡಿ. ವಿಳಾಸ ಕೊಡುವ ಕೆಲಸ ರೂಟರ್‌ಗೇ ಬಿಡಿ. ಸರ್ವರ್ ಪ್ರಾಕ್ಸಿ ಡಿಎಚ್‌ಸಿಪಿಯಾಗಿ ಬೂಟ್ ಫೈಲ್ ಎಲ್ಲಿದೆ ಅಂತ ಮಾತ್ರ ಹೇಳಲಿ. ಇದಕ್ಕೆ ಹೆಚ್ಚು ಕೆಲಸವೂ ಇಲ್ಲ. ಸರ್ವರ್‌ಗೆ ರೂಟರ್ ಸಾಲಿನಲ್ಲೇ ಒಂದು ಸ್ಥಿರ ವಿಳಾಸ ಕೊಡಿ, ಅದು ರೂಟರ್ ಹಂಚುವ ವಿಳಾಸಗಳ ಹೊರಗೆ ಇರಲಿ. ಹಳೇ 192.168.67.1 ವಿಳಾಸ ಇದ್ದರೆ ತೆಗೆದುಬಿಡಿ. ಆಮೇಲೆ ಎಲ್‌ಟಿಎಸ್‌ಪಿ ಡಿಎನ್‌ಎಸ್‌ಮಾಸ್ಕ್ ಕಮಾಂಡನ್ನು ಯಾವ ಆಯ್ಕೆಯೂ ಇಲ್ಲದೆ ಓಡಿಸಿ, ಪ್ರಾಕ್ಸಿ ತಾನಾಗೇ ಆನ್ ಇರುತ್ತದೆ. ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ ಕಮಾಂಡನ್ನೂ ಒಮ್ಮೆ ಓಡಿಸಿ. ಹೊಸ ಯೂಸರ್ ಸೇರಿಸಿದಾಗಲೂ ಇದು ಬೇಕು, ಇಲ್ಲದಿದ್ದರೆ ಹೊಸ ಹುಡುಗರಿಗೆ ಲಾಗಿನ್ ಆಗುವುದಿಲ್ಲ.

ನಿಮ್ಮಲ್ಲಿ ಆಫರ್ ಒಂದೇ ಕಂಡು, ವಿಳಾಸವೂ ಸರಿ ಇದ್ದರೆ ಕಾಯಿಲೆ ಬೇರೆ. ಆಗ ಸರ್ವರ್‌ನ ಫೈರ್‌ವಾಲ್‌ನಲ್ಲಿ ಎನ್‌ಎಫ್‌ಎಸ್‌ನ 2049 ಪೋರ್ಟ್ ತೆರೆದಿದೆಯಾ ನೋಡಿ. ಅದೂ ಸರಿ ಇದ್ದರೆ ಪ್ರಾಂಪ್ಟ್‌ಗಿಂತ ಮೇಲಿನ ಹತ್ತು ಸಾಲಿನ ಫೋಟೋ ತೆಗೆದು ಪ್ರಶ್ನೆಗೆ ಸೇರಿಸಿ, ಸಂಜೆ ನೋಡಿ ಹೇಳುತ್ತೇನೆ.